ಬಿಸಿಲೂರಿನ ಓಣಿಗೆ ನೆರಳಿನ ಲೆಕ್ಕ

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುವ ಈ ಏರ್ಪಾಡು ಅಲ್ಲಿಯವರಿಗೆ ಹೊಸದಲ್ಲ, ಅದು ವಿವೇಕದ ಏರ್ಪಾಡೂ ಹೌದು. ಆದರೆ 1:30ಕ್ಕೆ ಕಚೇರಿಯ ಬಾಗಿಲು ದಾಟಿ ಹೊರಬಂದ ನೌಕರರೊಬ್ಬರು ಬಸ್ ನಿಲ್ದಾಣದವರೆಗಿನ ಅರ್ಧ ಕಿಲೋಮೀಟರ್ ದಾರಿಯನ್ನು ಹೇಗೆ ನಡೆದು ಮುಗಿಸುತ್ತಾರೆ ಎಂಬುದನ್ನು ಗಮನಿಸಿದರೆ, ಗಡಿಯಾರ ಬದಲಾದಷ್ಟು ಸುಲಭವಾಗಿ ರಸ್ತೆ ಬದಲಾಗಿಲ್ಲ ಎಂಬುದು ತಿಳಿಯುತ್ತದೆ. ಸೆರಗನ್ನು ತಲೆಗೆ ಹೊದ್ದು, ಅಂಗಡಿಯ ಮುಂಚಾಚಿನ ಕೆಳಗೆ ಒಂದು ಕ್ಷಣ ನಿಂತು, ಮುಂದಿನ ಬೇವಿನ ಮರ ಎಲ್ಲಿದೆಯೆಂದು ಕಣ್ಣಲ್ಲೇ ಅಳೆದು, ಅಲ್ಲಿಯವರೆಗೆ ಬಿರಬಿರನೆ ಹೆಜ್ಜೆ ಹಾಕಿ, ಮತ್ತೆ ನಿಲ್ಲುವ ಆ ನಡಿಗೆಯಲ್ಲೇ ಒಂದು ರಸ್ತೆಯ ನಕ್ಷೆ ಅಡಗಿದೆ. ಎಲ್ಲಿ ಅವರು ಓಡಿದರೋ ಅಲ್ಲಿ ರಸ್ತೆ ಸೋತಿದೆ, ಎಲ್ಲಿ ನಿಂತರೋ ಅಲ್ಲಿ ಗೆದ್ದಿದೆ.

ಒಣಹವೆಯ ಬಿಸಿಲೂರುಗಳಲ್ಲಿ ಬಡಾವಣೆಯ ರಸ್ತೆಗಳನ್ನು ತಂಪಾಗಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಊರಿನ ಉಷ್ಣಾಂಶವನ್ನು ಎಷ್ಟು ಡಿಗ್ರಿ ಇಳಿಸಬಹುದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಇಡೀ ಊರಿನ ಗಾಳಿಯನ್ನು ತಣಿಸುವುದು ದೊಡ್ಡ ಕೆಲಸ, ಅದಕ್ಕೆ ದಶಕಗಳು ಬೇಕು. ನಡೆಯುವ ಮನುಷ್ಯನ ಮೈಮೇಲೆ ಬೀಳುವ ಕಾವನ್ನು ತಗ್ಗಿಸುವುದು ಹಾಗಲ್ಲ. ಅದು ಒಂದು ಓಣಿಯ ಅಳತೆಯಲ್ಲಿ, ಕೆಲವು ವರ್ಷಗಳ ಅವಧಿಯಲ್ಲಿ, ಪಾಲಿಕೆಯ ಸಾಮಾನ್ಯ ಕಾಮಗಾರಿಯ ಹಣದಲ್ಲೇ ಆಗಬಹುದಾದ ಕೆಲಸ. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಎಲ್ಲಿ ಹಣ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಸ್ಪಷ್ಟವಾಗುತ್ತದೆ.

ಹವಾಮಾನ ಇಲಾಖೆ ಇಂದು 42 ಡಿಗ್ರಿ ಸೆಲ್ಸಿಯಸ್ ಎಂದು ಹೇಳಿದರೆ ಅದು ನೆರಳಿನ ಲೆಕ್ಕ. ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಅಡಿಯಷ್ಟು ಎತ್ತರದಲ್ಲಿ ಇಟ್ಟ ತಾಪಮಾಪಕ ತೋರಿಸುವ ಅಂಕಿ ಅದು. ಬಿಸಿಲಲ್ಲಿ ನಡೆಯುವವನಿಗೆ ಗಾಳಿಯ ಕಾವಿನ ಜೊತೆಗೆ ಇನ್ನೂ ಮೂರು ಕಡೆಯಿಂದ ಕಾವು ಬರುತ್ತದೆ. ಮೇಲಿನಿಂದ ನೇರವಾದ ಬಿಸಿಲು ಬೀಳುತ್ತದೆ. ನೆಲ ಮತ್ತು ಗೋಡೆಗಳಿಗೆ ಬಡಿದ ಬಿಸಿಲು ಪ್ರತಿಫಲಿಸಿ ಮೈಗೆ ತಾಗುತ್ತದೆ. ಕಾದ ಡಾಂಬರು, ಕಾದ ಕಾಂಪೌಂಡ್ ಗೋಡೆ, ಕಾದ ತಗಡು ಕಣ್ಣಿಗೆ ಕಾಣದ ಶಾಖವನ್ನು ಹೊಮ್ಮಿಸುತ್ತಲೇ ಇರುತ್ತವೆ. ಒಲೆಯ ಮುಂದೆ ಕುಳಿತವರ ಮುಖಕ್ಕೆ ತಗಲುವುದು ಇದೇ ಝಳ. ಈ ಎಲ್ಲ ಕಡೆಗಳಿಂದ ಬರುವ ಝಳವನ್ನು ಒಟ್ಟುಗೂಡಿಸಿ ಒಂದೇ ಅಂಕಿಯಲ್ಲಿ ಹೇಳುವುದಕ್ಕೆ ಸರಾಸರಿ ವಿಕಿರಣ ತಾಪಮಾನ ಎನ್ನುತ್ತಾರೆ. ಗಾಳಿ 40 ಡಿಗ್ರಿ ಇರುವ ಮಧ್ಯಾಹ್ನ, ಸುತ್ತ ಡಾಂಬರು ಮತ್ತು ಕಾಂಕ್ರೀಟು ಇರುವ ಬಯಲಲ್ಲಿ, ಈ ಅಂಕಿ 60 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಒಳ್ಳೆಯ ಮರದ ನೆರಳಿಗೆ ಕಾಲಿಟ್ಟ ಕೂಡಲೆ ಗಾಳಿಯ ಉಷ್ಣಾಂಶ ಹೆಚ್ಚೇನೂ ಇಳಿಯದಿದ್ದರೂ ಈ ಅಂಕಿ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ನೆರಳಿಗೆ ಬಂದ ತಕ್ಷಣ ಜೀವ ಬಂದಂತಾಗುವುದು ಈ ಕಾರಣದಿಂದ.

ಬೆಂಗಳೂರಿನ ರಸ್ತೆಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ನಮ್ಮ ನೆಲದ ಅಂಕಿಗಳಲ್ಲೇ ತೋರಿಸಿತು. ಮರಗಳಿರುವ ರಸ್ತೆಯ ಭಾಗಗಳನ್ನು ಮರಗಳಿಲ್ಲದ ಭಾಗಗಳ ಜೊತೆ ಹೋಲಿಸಿದಾಗ ಮಧ್ಯಾಹ್ನದ ಗಾಳಿಯ ಉಷ್ಣಾಂಶದಲ್ಲಿ 5.6 ಡಿಗ್ರಿಯವರೆಗೆ, ಡಾಂಬರಿನ ಮೇಲ್ಮೈಯಲ್ಲಿ 27.5 ಡಿಗ್ರಿಯವರೆಗೆ ವ್ಯತ್ಯಾಸ ಕಂಡುಬಂತು. ಮೊದಲ ಅಂಕಿಯನ್ನೇ ಎಲ್ಲರೂ ನೆನಪಿಡುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ, ಏಕೆಂದರೆ ಕಾದ ನೆಲ ಹಗಲೆಲ್ಲ ಕಾಲಿಗೆ, ರಾತ್ರಿಯೆಲ್ಲ ಮನೆಯ ಗೋಡೆಗೆ ಝಳ ಉಗುಳುತ್ತಲೇ ಇರುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಪಶ್ಚಿಮಕ್ಕೆ ಮುಖಮಾಡಿದ ಕಾಂಪೌಂಡ್ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನೆರಳು ಬೇಕು. ಆದರೆ ಯಾವ ಹೊತ್ತಿಗೆ, ರಸ್ತೆಯ ಯಾವ ಬದಿಗೆ? ಇಲ್ಲಿ ಸೂರ್ಯನ ದಾರಿಯನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗುತ್ತದೆ, ಏಕೆಂದರೆ ಸ್ಪೇನ್ ಅಥವಾ ಅಮೆರಿಕದ ಒಣ ಊರುಗಳಿಗಾಗಿ ಬರೆದ ಕೈಪಿಡಿಗಳನ್ನು ನಮ್ಮಲ್ಲಿ ಹಾಗೆಯೇ ಅಳವಡಿಸಿದರೆ ಎಡವುವುದು ಇಲ್ಲಿಯೇ. ಕಲಬುರಗಿ, ವಿಜಯಪುರ, ರಾಯಚೂರುಗಳು 16ರಿಂದ 17.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಮೇ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಕಲಬುರಗಿಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳಿಗೆ ಕೋಲು ನೆಟ್ಟು ತೋರಿಸುವುದು ಇದನ್ನೇ. ಆಗಸ್ಟ್ ಮೊದಲ ವಾರದಲ್ಲಿ ಅದು ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡವಿರುತ್ತದೆ. ಸೆಕೆ ಹೆಚ್ಚಿರುವ ದಿನಗಳಲ್ಲೇ ಸೂರ್ಯ ನೆತ್ತಿಯ ಮೇಲಿರುವುದರಿಂದ ನಡುಹಗಲಿನಲ್ಲಿ ಯಾವ ಕಟ್ಟಡವೂ, ಅದು ಎಷ್ಟೇ ಎತ್ತರವಿರಲಿ, ರಸ್ತೆಗೆ ನೆರಳು ಕೊಡಲಾರದು. ಆ ಹೊತ್ತಿಗೆ ಕೆಲಸಕ್ಕೆ ಬರುವುದು ತಲೆಯ ಮೇಲೆ ಕವಿದುಕೊಂಡಿರುವ ಚಾವಣಿ ಮಾತ್ರ. ಅದು ಮರದ ಕೊಂಬೆಯಾಗಿರಬಹುದು, ಅಂಗಡಿಯ ಮುಂಚಾಚಾಗಿರಬಹುದು, ಅಡ್ಡಲಾಗಿ ಕಟ್ಟಿದ ಬಟ್ಟೆಯಾಗಿರಬಹುದು.

ಹೊತ್ತು ಇಳಿಯತೊಡಗಿದಂತೆ ಲೆಕ್ಕ ಬದಲಾಗುತ್ತದೆ. ನೆಲ ಅಂತಸ್ತಿನ ಮೇಲೊಂದು ಮಹಡಿ ಇರುವ, ಸುಮಾರು 7 ಮೀಟರ್ ಎತ್ತರದ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇ ಎರಡನೆಯ ವಾರದಲ್ಲಿ ಕಲಬುರಗಿಯಲ್ಲಿ ಆ ಮನೆಯ ನೆರಳು ಮಧ್ಯಾಹ್ನ 1:30ಕ್ಕೆ ಪೂರ್ವದ ಕಡೆಗೆ 2 ಮೀಟರ್‌ಗಿಂತ ತುಸು ಹೆಚ್ಚು ಚಾಚುತ್ತದೆ. 2:20ರ ಸುಮಾರಿಗೆ ಅದು 4 ಮೀಟರ್‌ಗೆ ಸಮೀಪಿಸುತ್ತದೆ. 4:20ರ ಹೊತ್ತಿಗೆ 10 ಮೀಟರ್ ದಾಟಿ, 30 ಅಡಿ ರಸ್ತೆಯನ್ನು ಪೂರ್ತಿ ಮುಚ್ಚಿ ಎದುರುಮನೆಯ ಗೇಟನ್ನು ಹತ್ತಿರುತ್ತದೆ. ಅಂದರೆ ಉತ್ತರ ದಕ್ಷಿಣವಾಗಿ ಹಾದುಹೋಗುವ ರಸ್ತೆಯಲ್ಲಿ ಪಶ್ಚಿಮ ಬದಿಯ ಪಾದಚಾರಿ ಮಾರ್ಗಕ್ಕೆ ಮಧ್ಯಾಹ್ನದ ನಂತರ ಪುಕ್ಕಟೆ ನೆರಳು ಸಿಗುತ್ತದೆ, ಪೂರ್ವ ಬದಿಯದು ಅದೇ ಹೊತ್ತಿನಲ್ಲಿ ಬೇಯುತ್ತದೆ. ಬೆಳಿಗ್ಗೆ ಇದು ತಿರುಗಾಮುರುಗಾ ಆಗುತ್ತದೆ. ಬೆಳಗಿನ ಬಿಸಿಲು ಹೇಗೋ ಸಹ್ಯ, ಮಧ್ಯಾಹ್ನದ್ದು ಅಪಾಯ. ಆದ್ದರಿಂದ ಒಂದೇ ಬದಿಗೆ ಒಳ್ಳೆಯ ಪಾದಚಾರಿ ಮಾರ್ಗ ಮಾಡುವಷ್ಟು ಮಾತ್ರ ಜಾಗವಿದ್ದರೆ, ಅಂಥ ರಸ್ತೆಯಲ್ಲಿ ಅದನ್ನು ಪಶ್ಚಿಮ ಬದಿಗೆ ಮಾಡಬೇಕು. ಮನೆಗಳನ್ನು ರಸ್ತೆಯಿಂದ ಹಿಂದೆ ಸರಿಸಿ ಕಟ್ಟಿದ್ದರೆ ಈ ನೆರಳಿನ ಒಂದಷ್ಟು ಭಾಗ ಅಂಗಳದಲ್ಲೇ ಕಳೆದುಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೂರ್ವ ಪಶ್ಚಿಮವಾಗಿ ಹಾದುಹೋಗುವ ರಸ್ತೆ ಇದಕ್ಕಿಂತ ಕಠಿಣ. ಬೇಸಿಗೆಯ ಸೂರ್ಯ ಆ ರಸ್ತೆಯ ಉದ್ದಕ್ಕೂ ತಾನೇ ನಡೆದುಹೋಗುತ್ತಾನೆ. ಬೆಳಿಗ್ಗೆ ಒಂದು ತುದಿಯಿಂದ ಕಣ್ಣಿಗೆ ಹೊಡೆದು, ಮಧ್ಯಾಹ್ನ ನೆತ್ತಿ ಸುಟ್ಟು, ಸಂಜೆ ಇನ್ನೊಂದು ತುದಿಯಿಂದ ಮತ್ತೆ ಮುಖಕ್ಕೆ ಬರುತ್ತಾನೆ. ಇಕ್ಕೆಲದ ಮನೆಗಳ ನೆರಳು ಇಲ್ಲಿ ಬಹುಪಾಲು ನಿರುಪಯೋಗಿ. ಪಾಲಿಕೆಯೊಂದರ ಬಳಿ ಈ ವರ್ಷ ಐವತ್ತೇ ಸಸಿಗಳಿವೆ ಎಂದಾದರೆ ಅವು ಮೊದಲು ಹೋಗಬೇಕಾದದ್ದು ಪೂರ್ವ ಪಶ್ಚಿಮದ ರಸ್ತೆಗಳಿಗೆ. ಎಲ್ಲ ರಸ್ತೆಗಳಿಗೂ ಸಮನಾಗಿ ಹಂಚುವುದು ನ್ಯಾಯದಂತೆ ಕಂಡರೂ ಅದರಿಂದ ಯಾವ ರಸ್ತೆಗೂ ನೆರಳಿನ ಸಾಲು ಆಗುವುದಿಲ್ಲ.

ಕಿರಿದಾದ ಓಣಿಗಳ ಬಗ್ಗೆ ಒಂದು ಮಾತು. ವಿಜಯಪುರ, ಬೀದರಿನಂಥ ಕೋಟೆಯ ಊರುಗಳ ಹಳೆಯ ಓಣಿಗಳಲ್ಲಿ ಹಗಲಿನ ನಡಿಗೆ ಹೊಸ ಬಡಾವಣೆಗಳಲ್ಲಿರುವುದಕ್ಕಿಂತ ಹಿತ ಎಂಬುದು ಅಲ್ಲಿ ಓಡಾಡಿದವರ ಅನುಭವ. ಮೊರಾಕ್ಕೊ ದೇಶದ ಫೆಜ್ ನಗರದಲ್ಲಿ ಎರಿಕ್ ಯೋಹಾನ್ಸನ್ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಳತೆಯ ಆಧಾರ ಕೊಟ್ಟಿತು. ಹಳೆಯ ಊರಿನ ಆಳವಾದ, ಇಕ್ಕಟ್ಟಾದ ಓಣಿ ಬೇಸಿಗೆಯ ಹಗಲಿನಲ್ಲಿ ಹೊಸ ಊರಿನ ಅಗಲವಾದ ರಸ್ತೆಗಿಂತ ಸರಾಸರಿ 6 ಡಿಗ್ರಿಯಷ್ಟು, ಅತಿ ಬಿಸಿಯ ದಿನಗಳಲ್ಲಿ 10 ಡಿಗ್ರಿಯವರೆಗೂ ತಂಪಾಗಿತ್ತು. ಆದರೆ ಇಕ್ಕಟ್ಟಾದ ಓಣಿಗೆ ಆಕಾಶ ಸ್ವಲ್ಪವೇ ಕಾಣುವುದರಿಂದ ಹಗಲು ಹೀರಿದ ಶಾಖವನ್ನು ಅದು ರಾತ್ರಿ ಬೇಗ ಬಿಟ್ಟುಕೊಡಲಾರದು. ನಮ್ಮ ಹಿರಿಯರು ಬೇಸಿಗೆಯಲ್ಲಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದುದು ಈ ಕೊರತೆಗೆ ಕಂಡುಕೊಂಡ ಉತ್ತರ. ಈಗ 30 ಮತ್ತು 40 ಅಡಿಯ ರಸ್ತೆಗಳಿರುವ ಬಡಾವಣೆಗಳನ್ನು ಕಿರಿದಾಗಿಸಲು ಬರುವುದಿಲ್ಲ. ಅವುಗಳ ಅಗಲವನ್ನು ಮರಕ್ಕೆ ಬಿಟ್ಟುಕೊಡಬಹುದು, ಅಷ್ಟೇ.

ಅದನ್ನು ಅಡಿಗಳ ಲೆಕ್ಕದಲ್ಲಿ ನೋಡೋಣ. 40 ಅಡಿ ರಸ್ತೆ ಎಂದರೆ ಸುಮಾರು 12 ಮೀಟರ್. ಇಂದು ಅದರಲ್ಲಿ ಬಹುಪಾಲು ಡಾಂಬರು ಅಥವಾ ಕಾಂಕ್ರೀಟು, ಅಂಚಿನಲ್ಲಿ ಒಂದು ಚರಂಡಿ, ಚರಂಡಿಯ ಮೇಲೆ ಏರುಪೇರಾದ ಚಪ್ಪಡಿ. ಮನೆಗಳಿರುವ ರಸ್ತೆಯಲ್ಲಿ ಎದುರುಬದುರು ವಾಹನಗಳು ನಿಧಾನವಾಗಿ ಹಾದುಹೋಗಲು 5.5 ಮೀಟರ್ ಸಾಕು. ಉಳಿದ 6.5 ಮೀಟರ್‌ನಲ್ಲಿ ಎರಡೂ ಬದಿಗೆ ತಲಾ 1.8 ಮೀಟರ್ ನಡೆಯುವ ದಾರಿ, ತಲಾ 1.2 ಮೀಟರ್ ಮಣ್ಣಿನ ಪಟ್ಟಿ ಸಿಕ್ಕಿ ಇನ್ನೂ ಅರ್ಧ ಮೀಟರ್ ಉಳಿಯುತ್ತದೆ. 1.8 ಮೀಟರ್ ಎಂಬುದು ನನ್ನ ಆಸೆಯ ಅಂಕಿಯಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಹೊರತಂದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ವಸತಿ ಪ್ರದೇಶಕ್ಕೆ ಹೇಳಿರುವ ಕನಿಷ್ಠ ಅಗಲ ಅದು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಪಾದಚಾರಿ ಮಾರ್ಗ ಮೊಣಕಾಲೆತ್ತರಕ್ಕಿರುತ್ತದೆ. ಮಂಡಿನೋವಿನ ಅಜ್ಜಿಯೊಬ್ಬರು ಅದನ್ನು ಹತ್ತಿ ಇಳಿಯುವುದಕ್ಕಿಂತ ಬಿಸಿಲಲ್ಲೇ ರಸ್ತೆಯಂಚಿಗೆ ನಡೆಯುವುದು ವಾಸಿ ಎಂದುಕೊಂಡರೆ ತಪ್ಪು ಅವರದಲ್ಲ.

ಆ 1.2 ಮೀಟರ್ ಮಣ್ಣಿನ ಪಟ್ಟಿಯೇ ಇಡೀ ವಿನ್ಯಾಸದ ಜೀವಾಳ. ಅಲ್ಲಿ ಮರ ಬೆಳೆಯುತ್ತದೆ, ಮಳೆನೀರು ಇಂಗುತ್ತದೆ, ವಿದ್ಯುತ್ ಕಂಬ ನಿಲ್ಲುತ್ತದೆ, ಮನೆಯೊಳಗೆ ಗಾಡಿ ಹೋಗಲು ಬೇಕಾದ ಇಳಿಜಾರೂ ಅಲ್ಲಿಯೇ ಮುಗಿಯುತ್ತದೆ. ಈಗ ಪ್ರತಿ ಮನೆಯವರೂ ತಮ್ಮ ಗೇಟಿನಿಂದ ಇಳಿಜಾರನ್ನು ಪಾದಚಾರಿ ಮಾರ್ಗದ ಮೇಲೇ ಎಳೆಯುವುದರಿಂದ ಆ ಮಾರ್ಗ ಅಲೆಅಲೆಯಾಗಿ, ನಡೆಯುವವರು ಮನೆಗೊಂದು ಸಲ ರಸ್ತೆಗಿಳಿಯಬೇಕಾಗುತ್ತದೆ. ನಡೆಯುವ ದಾರಿ ಸಮತಟ್ಟಾಗಿ ಉಳಿದು, ಏರಿಳಿತವೆಲ್ಲ ಮಣ್ಣಿನ ಪಟ್ಟಿಯ ಅಗಲದೊಳಗೇ ಮುಗಿದರೆ ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಲ್ಲವು. ಡಾಂಬರು ಕಿರಿದಾಗುವುದರಿಂದ ವಾಹನಗಳ ವೇಗವೂ ತಾನಾಗಿ ತಗ್ಗುತ್ತದೆ, ಕಾಯುವ ನೆಲವೂ ಕಡಿಮೆಯಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯನ್ನು ಮುಚ್ಚಿಡಬಾರದು. ಮನೆಯ ಮುಂದೆ ಎರಡೂ ಬದಿಗೆ ಕಾರು ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಕಾರಿಗೆ ಸಿಗುವ ನೆರಳಿಗಿಂತ ಮನುಷ್ಯರಿಗೆ ಸಿಗುವ ನೆರಳು ದೊಡ್ಡದೆಂದು ಒಪ್ಪುವ ಓಣಿಗಳಲ್ಲಿ ಮಾತ್ರ ಈ ಕೆಲಸ ಬಾಳುತ್ತದೆ.

ಇನ್ನು ಮರದ ಆಯ್ಕೆ. ಎರೆಭೂಮಿಯ ಒಣ ಊರುಗಳಿಗೆ ಬೇವು ಮೊದಲ ಮರ. ಬೇಸಿಗೆಯ ಮುಂಚೆ ಕೆಲವು ದಿನ ಎಲೆ ಉದುರಿಸಿದರೂ ಯುಗಾದಿಯ ಹೊತ್ತಿಗೆ ಚಿಗುರಿ, ಬಿಸಿಲು ಬಲಿಯುವಷ್ಟರಲ್ಲಿ ದಟ್ಟವಾಗಿ ನೆರಳು ಹರಡಿರುತ್ತದೆ. ಹೊಂಗೆಯೂ ಹಾಗೆಯೇ, ಅದರ ನೆರಳಿನ ತಂಪಿನ ಬಗ್ಗೆ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಹುಣಸೆ ನಿಧಾನ, ಆದರೆ ತಲೆಮಾರುಗಳ ಮರ. ಆಲ, ಅರಳಿ, ಬಸರಿಗಳು ನಾಲ್ಕು ದಾರಿ ಕೂಡುವಲ್ಲಿ, ಬಯಲಿನ ಮೂಲೆಯಲ್ಲಿ ಚೆನ್ನ, 30 ಅಡಿ ರಸ್ತೆಗಲ್ಲ. ಗುಲ್‌ಮೊಹರ್ ಕಣ್ಣಿಗೆ ಹಬ್ಬವೇನೋ ಸರಿ, ಆದರೆ ನೆರಳು ಬೇಕಾದ ಮಾರ್ಚ್, ಏಪ್ರಿಲ್‌ನಲ್ಲೇ ಅದು ಬೋಳಾಗಿ ನಿಂತಿರುತ್ತದೆ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಅಲಂಕಾರಕ್ಕೆಂದು ರಸ್ತೆಯ ನಡುವೆ ನೆಡುವ ಪಾಮ್ ಮರಗಳು ತಮ್ಮ ಬುಡಕ್ಕೂ ನೆರಳು ಕೊಡಲಾರವು. ಬೇಗ ಹಸಿರಾಗುತ್ತದೆಂದು ಎಲ್ಲೆಡೆ ನೆಟ್ಟ ಕೋನೋಕಾರ್ಪಸ್ ಗಿಡವನ್ನು ಇನ್ನು ನೆಡಬಾರದೆಂದು ಗುಜರಾತ್ ಸರ್ಕಾರ 2023ರಲ್ಲಿ ಆದೇಶಿಸಿತು. ಬೇಗ ಬೆಳೆಯುವುದೊಂದೇ ಗುಣವಾದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕು.

ಸಸಿ ನೆಡುವುದನ್ನು ನಾವು ಹಬ್ಬದಂತೆ ಮಾಡುತ್ತೇವೆ, ಬೆಳೆಸುವುದನ್ನು ಮರೆಯುತ್ತೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಬೆಳೆಸಿದ 385 ಆಲದ ಮರಗಳ ಕತೆ ನಾಡಿಗೆಲ್ಲ ಗೊತ್ತು. ಅದರಲ್ಲಿ ನಾವು ಕಲಿಯಬೇಕಾದದ್ದು ನೆಟ್ಟ ಸಂಖ್ಯೆಯನ್ನಲ್ಲ, ಕೊಡದಲ್ಲಿ ನೀರು ಹೊತ್ತು ಹಾಕಿದ, ದನಕರು ತಿನ್ನದಂತೆ ಮುಳ್ಳುಬೇಲಿ ಕಟ್ಟಿದ ವರ್ಷಗಳನ್ನು. ಒಣ ಊರಿನ ಸಸಿಗೆ ಮೊದಲ ಮೂರು ಬೇಸಿಗೆಗಳೇ ಗಂಡಾಂತರ. ಜೂನ್‌ನ ಮೊದಲ ಮಳೆಗೆ ನೆಟ್ಟು, ಮಗ್ಗುಲಲ್ಲಿ ಒಂದು ಮಣ್ಣಿನ ಮಡಕೆ ಹೂತು ಅದಕ್ಕೆ ನೀರು ತುಂಬಿಸುತ್ತಿದ್ದರೆ ಮಡಕೆಯ ಮೈಯಿಂದ ಒಸರುವ ನೀರು ನೇರವಾಗಿ ಬೇರಿಗೆ ಹೋಗುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಬೇಕು. ಬುಡದವರೆಗೂ ಸಿಮೆಂಟು ಬಳಿಯಲೇಬಾರದು. ದೆಹಲಿಯಲ್ಲಿ ಹೀಗೆ ಬಳಿದಿದ್ದ ಮರಗಳ ಸುತ್ತ 1 ಮೀಟರ್ ಕಾಂಕ್ರೀಟು ಕಿತ್ತುಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ನೀರೆಲ್ಲಿಂದ ಎಂಬುದು ಬಿಸಿಲೂರಿನಲ್ಲಿ ನ್ಯಾಯವಾದ ಪ್ರಶ್ನೆ. ಮನೆಗೆ ವಾರಕ್ಕೊಮ್ಮೆ ನಲ್ಲಿ ನೀರು ಬರುವಲ್ಲಿ ರಸ್ತೆಯ ಮರಕ್ಕೆ ಯಾರು ಕೊಡುತ್ತಾರೆ? ಉತ್ತರ ಆ ರಸ್ತೆಯ ಮೇಲೇ ಬೀಳುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 12 ಮೀಟರ್ ಅಗಲ, 100 ಮೀಟರ್ ಉದ್ದದ ರಸ್ತೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 7.2 ಲಕ್ಷ ಲೀಟರ್ ಆಯಿತು. ಅರ್ಧ ಆವಿಯಾಗಿ, ಹರಿದು ಹೋಯಿತೆಂದರೂ 3.6 ಲಕ್ಷ ಲೀಟರ್ ಉಳಿಯಿತು. ಅದೇ ರಸ್ತೆಯ ಎರಡೂ ಬದಿಗೆ 7 ಮೀಟರ್‌ಗೊಂದರಂತೆ ನೆಟ್ಟರೆ ಸುಮಾರು 30 ಸಸಿಗಳು. ಬೇಸಿಗೆಯ ನಾಲ್ಕು ತಿಂಗಳು ವಾರಕ್ಕೆರಡು ಸಲ 20 ಲೀಟರ್‌ನಂತೆ ಅಷ್ಟೂ ಸಸಿಗಳಿಗೆ ಬೇಕಾಗುವುದು 20,000 ಲೀಟರ್‌ನ ಆಸುಪಾಸು. ಈಗ ಆ ಮಳೆನೀರನ್ನೆಲ್ಲ ನಾವು ಅಂಚುಗಲ್ಲು ಕಟ್ಟಿ, ಚರಂಡಿಗೆ ತಿರುಗಿಸಿ, ಕೊಳಚೆಯ ಜೊತೆ ಬೆರೆಸಿ ಊರಾಚೆ ಕಳಿಸುತ್ತಿದ್ದೇವೆ.

ಅಮೆರಿಕದ ಅರಿಜೋನಾದ ಟ್ಯೂಸನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 300 ಮಿಲಿಮೀಟರ್‌ಗೂ ಕಡಿಮೆ, ಅಂದರೆ ನಮ್ಮ ಬಿಸಿಲೂರುಗಳ ಅರ್ಧದಷ್ಟು. ಅಲ್ಲಿನ ಬ್ರಾಡ್ ಲ್ಯಾಂಕಾಸ್ಟರ್ ಎಂಬವರು ತಮ್ಮ ಮನೆಯ ಮುಂದಿನ ಅಂಚುಗಲ್ಲನ್ನು ಕೊಯ್ದು, ರಸ್ತೆಯಲ್ಲಿ ಹರಿಯುವ ಮಳೆನೀರು ಮರದ ಪಾತಿಗೆ ಇಳಿಯುವಂತೆ ಮಾಡಿದರು. ಮೊದಲಿಗೆ ಅದು ನಿಯಮಬಾಹಿರವಾಗಿತ್ತು. ಬಳಿಕ ನಗರಾಡಳಿತವೇ ಅದಕ್ಕೆ ಅನುಮತಿಯ ವಿಧಾನ ರೂಪಿಸಿತು. ತಂತ್ರ ಇಷ್ಟೇ: ಮಣ್ಣಿನ ಪಟ್ಟಿ ರಸ್ತೆಗಿಂತ ಒಂದು ಗೇಣು ತಗ್ಗಿನಲ್ಲಿರಬೇಕು, ಅಂಚುಗಲ್ಲಿನಲ್ಲಿ ಅಲ್ಲಲ್ಲಿ ಬಾಯಿ ಬಿಟ್ಟಿರಬೇಕು. ನಮ್ಮ ಗುತ್ತಿಗೆದಾರರು ಪಾತಿಯನ್ನು ರಸ್ತೆಗಿಂತ ಎತ್ತರಕ್ಕೆ ಏರಿಸಿ ಇಟ್ಟಿಗೆ ಕಟ್ಟುವುದು ಇದಕ್ಕೆ ತದ್ವಿರುದ್ಧ. ಎರೆಮಣ್ಣಿನಲ್ಲಿ ಒಂದು ಎಚ್ಚರಿಕೆ ಬೇಕು. ಆ ಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಬಿರಿಯುತ್ತದೆ, ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಇಂಗುಪಾತಿ ಮನೆಯ ತಳಪಾಯಕ್ಕೆ ತಾಗಿರಬಾರದು, ರಸ್ತೆಯ ಕಡೆಗಿರಬೇಕು. ನಡೆಯುವ ದಾರಿಯ ಕೆಳಗೆ ಗರಸು ಹಾಕಿ ದಮ್ಮಸು ಮಾಡದಿದ್ದರೆ ಹಾಸಿದ ಟೈಲುಗಳು ಎರಡೇ ಮಳೆಗಾಲಕ್ಕೆ ಮೇಲೆದ್ದು ಕುಣಿಯತೊಡಗುತ್ತವೆ. ಆದರೆ ಅದೇ ಎರೆಮಣ್ಣು ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಮಳೆಯಿಲ್ಲದೆ ಹಾಲುಗಾಳು ಕಟ್ಟುವ ನೆಲ ಇದು. ಬೇರು ಆಳಕ್ಕಿಳಿದ ಬೇವಿಗೆ ಆ ತೇವವೇ ಬೇಸಿಗೆ ದಾಟಿಸುವ ಬುತ್ತಿ.

ನೆಲಹಾಸಿಗೆ ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯದೇ ಆದ ಶಹಾಬಾದಿ ಫರ್ಸಿಯನ್ನು ಮರಳಿನ ಹಾಸಿನ ಮೇಲೆ, ಸಂದುಗಳಿಗೆ ಸಿಮೆಂಟು ತುಂಬದೆ ಕೂರಿಸಿದರೆ ನೀರು ಸಂದಿನಲ್ಲಿ ಇಳಿಯುತ್ತದೆ, ಕೊಳವೆ ಕೆಟ್ಟಾಗ ಕಲ್ಲೆತ್ತಿ ಮತ್ತೆ ಇಡಬಹುದು. ನಡೆಯುವ ದಾರಿಗೆ ನಯಗೊಳಿಸದ ಮುಖವೇ ಇರಲಿ, ಮಳೆಯಲ್ಲಿ ಜಾರುವುದಿಲ್ಲ. ರಸ್ತೆಗೆ ಬಿಳಿ ಬಣ್ಣ ಬಳಿಯುವ ಉಪಾಯ ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಅದರ ಬಗ್ಗೆ ಅದೇ ಅರಿಜೋನಾದ ಫೀನಿಕ್ಸ್ ನಗರದ ಅನುಭವ ಗಮನಿಸತಕ್ಕದ್ದು. 2020ರಿಂದ ಅಲ್ಲಿ ವಸತಿ ರಸ್ತೆಗಳಿಗೆ ತಿಳಿಬಣ್ಣದ ಲೇಪ ಹಾಕಿ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರಿಂದ ಅಳೆಸಿದರು. ರಸ್ತೆಯ ಮೈ ಹಗಲಿನಲ್ಲಿ ಸುಮಾರು 6 ಡಿಗ್ರಿ ತಂಪಾಯಿತು. ಆದರೆ ಪ್ರತಿಫಲಿಸಿದ ಬಿಸಿಲು ನಡೆಯುವವರ ಮೈಗೆ ಬಡಿದು, ಮಧ್ಯಾಹ್ನದ ಹೊತ್ತು ಅವರ ಮೇಲಿನ ವಿಕಿರಣದ ಹೊರೆ ಸುಮಾರು 3 ಡಿಗ್ರಿ ಹೆಚ್ಚಿತು. ಮನೆಯ ಮಾಳಿಗೆಗೆ ಸುಣ್ಣ ಬಳಿಯುವುದು ಒಳ್ಳೆಯದು, ಏಕೆಂದರೆ ಅಲ್ಲಿಂದ ಚಿಮ್ಮಿದ ಬಿಸಿಲು ಆಕಾಶಕ್ಕೆ ಹೋಗುತ್ತದೆ. ಜನ ನಡೆಯುವ ನೆಲಕ್ಕೆ ಅದೇ ಮದ್ದು ಒಗ್ಗುವುದಿಲ್ಲ. ಅಲ್ಲಿ ನೆಲವನ್ನು ಬೆಳ್ಳಗಾಗಿಸುವುದಕ್ಕಿಂತ ನೆಲಕ್ಕೆ ಬಿಸಿಲೇ ಬೀಳದಂತೆ ಮಾಡುವುದು ಮೇಲು.

ಮರ ಬೆಳೆಯಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಜನ ಬಿಸಿಲಲ್ಲೇ ನಡೆಯಬೇಕೆ? ಸ್ಪೇನ್‌ನ ಸೆವಿಲ್ಯಾ ನಗರದಲ್ಲಿ ಬೇಸಿಗೆ ಬಂದಾಗ ಪೇಟೆಯ ಬೀದಿಗಳ ಮೇಲೆ ಮನೆಯಿಂದ ಮನೆಗೆ ಬಟ್ಟೆಯ ಹಾಸುಗಳನ್ನು ಅಡ್ಡಲಾಗಿ ಕಟ್ಟುತ್ತಾರೆ, ಬೇಸಿಗೆ ಮುಗಿದಾಗ ಬಿಚ್ಚುತ್ತಾರೆ. ನಮಗೂ ಇದು ಹೊಸದಲ್ಲ. ಮದುವೆಗೆ, ಜಾತ್ರೆಗೆ ಓಣಿಯ ತುಂಬ ಹಂದರ ಹಾಕುವ ಜನ ನಾವು. ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಕಾಯಿಪಲ್ಲೆ ಮಾರುವ ಬೀದಿ, ಶಾಲೆಯ ಮುಂಭಾಗ, ಆಸ್ಪತ್ರೆಯ ದಾರಿಗಳಿಗೆ ಹಂದರ ಹಾಕಲು ಪಾಲಿಕೆಯ ಆಯವ್ಯಯದಲ್ಲಿ ಒಂದು ಸಾಲು ಇದ್ದರೆ ಸಾಕು. ಬಟ್ಟೆ ಒಂದಿಷ್ಟು ಸಡಿಲ ನೇಯ್ಗೆಯದಾಗಿದ್ದು ಬಿಸಿಗಾಳಿ ಮೇಲಕ್ಕೆ ಹೋಗುವಂತಿರಬೇಕು, ಗಾಳಿಮಳೆಗೆ ಹಾರಿಹೋಗದಂತೆ ಬಿಗಿದಿರಬೇಕು. ತಗಡಿನ ಚಾವಣಿ ಮಾತ್ರ ಬೇಡ. ಒಂದೇ ಪದರದ ತಗಡು ಹಾಕಿದ ಬಸ್ ತಂಗುದಾಣದ ಕೆಳಗೆ ಮಧ್ಯಾಹ್ನ ಎರಡಕ್ಕೆ ನಿಂತವರಿಗೆ, ಬಿಸಿಲು ತಪ್ಪಿದರೂ ತಲೆಯ ಮೇಲೆ ಕಾದ ಹೆಂಚು ಹಿಡಿದಂತಾಗುವುದು ಗೊತ್ತು. ಉಕ್ಕಿನ ಬೆಂಚು ಇನ್ನೂ ಕೇಡು. ಯಾರೂ ಕೂರಲಾಗದೆ ಪಕ್ಕದ ಬೇವಿನ ಬುಡದಲ್ಲಿ ಪ್ರಯಾಣಿಕರು ನಿಂತಿರುವುದನ್ನು ಎಷ್ಟೋ ಊರುಗಳಲ್ಲಿ ನೋಡಬಹುದು. ತಂಗುದಾಣಕ್ಕೆ ಜಾಗ ಹುಡುಕುವ ಎಂಜಿನಿಯರರು ಮೊದಲು ಆ ಬೇವಿನ ಮರವನ್ನು ಹುಡುಕಬೇಕು.

ಗಾಳಿಯ ಕಾವು ಮೈಚರ್ಮದ ಕಾವನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ದಾಟಿದ ಮೇಲೆ ಬೀಸುವ ಗಾಳಿಯೂ ಮೈಯನ್ನು ಕಾಯಿಸುತ್ತದೆ. ಆಗ ದೇಹಕ್ಕೆ ಉಳಿಯುವುದು ಬೆವರೊಂದೇ. ಒಣಹವೆಯಲ್ಲಿ ಬೆವರು ಬಂದದ್ದೇ ತಡ ಆರುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದು ತಿಳಿಯುವುದೇ ಇಲ್ಲ. ತಲೆ ಸುತ್ತಿದಾಗಲೇ ಗೊತ್ತಾಗುತ್ತದೆ. ಇದೇ ಒಣತನದಲ್ಲಿ ಒಂದು ಅನುಕೂಲವೂ ಇದೆ. 42 ಡಿಗ್ರಿ ಕಾವು, ನೂರಕ್ಕೆ 20ರಷ್ಟು ಆರ್ದ್ರತೆ ಇರುವಾಗ ಒದ್ದೆಯಾದ ವಸ್ತುವೊಂದು ಗಾಳಿಗೆ ಆರುತ್ತ 24 ಡಿಗ್ರಿಯವರೆಗೂ ತಣ್ಣಗಾಗಬಲ್ಲದು. ಹರವಿಯ ನೀರು ತಂಪಾಗುವುದೂ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದಾಗ ಕೋಣೆ ತಂಪಾಗುವುದೂ ಹೀಗೆಯೇ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ಎಂಬ ಪದ ನಮ್ಮಲ್ಲಿ ಎಷ್ಟೋ ಶತಮಾನಗಳಿಂದ ಇದೆ. ಅಶೋಕನ ಶಾಸನಗಳು ದಾರಿಬದಿಗೆ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ನೆರಳು ಮತ್ತು ನೀರು ಬೇರೆ ಬೇರೆ ಇಲಾಖೆಗಳ ಕೆಲಸವಾದದ್ದು ನಮ್ಮ ಕಾಲದಲ್ಲಿ. ನಾಲ್ಕು ಓಣಿ ಕೂಡುವಲ್ಲಿ ಮರದ ಕೆಳಗೆ ಹರವಿ ಮತ್ತು ಕಲ್ಲಿನ ಆಸನ ಇದ್ದರೆ, ನಡೆಯುವವರಿಗೂ ಪೌರಕಾರ್ಮಿಕರಿಗೂ ತಳ್ಳುಗಾಡಿಯವರಿಗೂ ಅದು ದಿನದ ಆಸರೆ.

ತಳ್ಳುಗಾಡಿಯವರನ್ನು ಬೇಕೆಂದೇ ಹೆಸರಿಸಿದೆ. ದಾರಿಹೋಕರು ಬಿಸಿಲಲ್ಲಿರುವುದು ಹತ್ತು ನಿಮಿಷ, ಬಾಳೆಹಣ್ಣು ಮಾರುವವರು ಇರುವುದು ಎಂಟು ತಾಸು. ಅವರ ಗಾಡಿ ದಿನವಿಡೀ ನಿಂತಲ್ಲೇ ನಿಲ್ಲುವುದಿಲ್ಲ. ಬೆಳಿಗ್ಗೆ ರಸ್ತೆಯ ಈ ಬದಿ, ಮಧ್ಯಾಹ್ನ ಮರದ ಬುಡ, ಇಳಿಹೊತ್ತಿಗೆ ಆ ಬದಿ ಎಂದು ನೆರಳಿನ ಜೊತೆ ಸರಿಯುತ್ತಿರುತ್ತದೆ. ರಸ್ತೆ ವಿನ್ಯಾಸ ಮಾಡುವವರು ಒಂದು ದಿನ ಆ ಗಾಡಿಯ ಜೊತೆ ಕಳೆದರೆ ಅವರಿಗೆ ಯಾವ ಯಂತ್ರವೂ ಕೊಡದಷ್ಟು ಮಾಹಿತಿ ಸಿಗುತ್ತದೆ.

ಕೆಲವು ಅಡೆತಡೆಗಳು ಸಣ್ಣವೆಂದು ಕಂಡರೂ ಮರಗಳನ್ನು ಕೊಲ್ಲುವುದು ಅವೇ. ಮೇಲೆ ತೆರೆದ ವಿದ್ಯುತ್ ತಂತಿ ಇದ್ದರೆ ಪ್ರತಿ ಮಳೆಗಾಲದ ಮುನ್ನ ಕೊಂಬೆಗಳನ್ನು ಅರ್ಧಕ್ಕೇ ಕಡಿಯುತ್ತಾರೆ, ಮರ ಒಂದೇ ಕಡೆಗೆ ವಾಲುತ್ತದೆ. ಕಂಬಗಳು ಒಂದು ಬದಿಗಿದ್ದರೆ ದೊಡ್ಡ ಮರಗಳು ಇನ್ನೊಂದು ಬದಿಗಿರಲಿ, ಇಲ್ಲವಾದರೆ ತೆರೆದ ತಂತಿಯ ಬದಲು ಹೊದಿಕೆಯ ಕೇಬಲ್ ಹಾಕಲಿ. ಮರ ಕಡಿಯಲು ಅನುಮತಿ ಬೇಕೆನ್ನುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಆದರೆ ಒಳಚರಂಡಿಗೆಂದು ಅಗೆಯುವಾಗ ಬೇರು ಕತ್ತರಿಸಿದರೆ ಯಾರೂ ಅದನ್ನು ಕಡಿತವೆಂದು ಎಣಿಸುವುದಿಲ್ಲ, ಮರ ಮಾತ್ರ ಮುಂದಿನ ಗಾಳಿಗೆ ಉರುಳುತ್ತದೆ. ಕೊಳವೆ, ಕೇಬಲ್‌ಗಳ ಜಾಗ ನಡೆಯುವ ದಾರಿಯ ಕೆಳಗೆ, ಬೇರಿನ ಜಾಗ ಮಣ್ಣಿನ ಪಟ್ಟಿಯ ಕೆಳಗೆ ಎಂದು ಮೊದಲೇ ಗೆರೆ ಎಳೆದಿರಬೇಕು. ಇನ್ನು ರಾತ್ರಿಯ ಮಾತು. ಎಂಟು ಮೀಟರ್ ಎತ್ತರದ ದೀಪ ಕೊಂಬೆಗಳ ಮೇಲೆ ಬೆಳಗುತ್ತಿದ್ದರೆ ಕೆಳಗೆ ಕತ್ತಲು ಕವಿಯುತ್ತದೆ, ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಆ ದಾರಿಯನ್ನೇ ಬಿಡುತ್ತಾರೆ. ನಡೆಯುವ ದಾರಿಗೆ ನಾಲ್ಕು ಮೀಟರ್ ಎತ್ತರದ, ಕೊಂಬೆಗಳ ಕೆಳಗಿನ ದೀಪಗಳು ಬೇಕು.

ಇಷ್ಟನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಎಲ್ಲಿಂದ ತೊಡಗಬೇಕು ಎಂದು ಕೇಳುವವರಿಗೆ ಒಂದು ದಾರಿಯಿದೆ, ಅದರ ಮೊದಲ ಹೆಜ್ಜೆಗೆ ಪಾಲಿಕೆಯ ಅನುಮತಿಯೂ ಬೇಡ. ಮೊದಲು ಓಣಿಯಲ್ಲಿ ಹೆಚ್ಚು ಜನ ನಡೆಯುವ ಒಂದು ದಾರಿಯನ್ನು ಆರಿಸಿಕೊಳ್ಳಬೇಕು. ಶಾಲೆಗೋ, ಬಸ್ ನಿಲ್ದಾಣಕ್ಕೋ, ಆರೋಗ್ಯ ಕೇಂದ್ರಕ್ಕೋ ಹೋಗುವ ದಾರಿ. ಮೇ ಎರಡನೆಯ ವಾರದ ಒಂದು ದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 1:30ಕ್ಕೆ ಮತ್ತು ಸಂಜೆ 4ಕ್ಕೆ ಆ ದಾರಿಯಲ್ಲಿ ನೆರಳಿನ ಅಂಚು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಸುಣ್ಣದ ಪುಡಿಯಿಂದ ಗೆರೆ ಎಳೆಯಬೇಕು. ರಂಗೋಲಿ ಹಾಕಬಲ್ಲ ಕೈಗಳು ಓಣಿಯಲ್ಲಿ ಬೇಕಾದಷ್ಟಿರುತ್ತವೆ. ಮೂರು ಹೊತ್ತಿನ ಗೆರೆಗಳನ್ನೂ ಒಂದು ಕಾಗದದ ಮೇಲೆ ಬರೆದುಕೊಂಡರೆ, ಮಧ್ಯಾಹ್ನದ ಗೆರೆಯ ಹೊರಗೆ 30 ಹೆಜ್ಜೆಗಿಂತ ಉದ್ದಕ್ಕೆ ಬಯಲಾಗಿ ಉಳಿದ ಜಾಗಗಳು ಎದ್ದು ಕಾಣುತ್ತವೆ. ಅಂಥ ಒಂದೊಂದು ಜಾಗದಲ್ಲೂ ಈ ಬೇಸಿಗೆಗೆ ಒಂದು ಹಂದರದ ಬಟ್ಟೆ ಕಟ್ಟಬೇಕು, ಜೂನ್‌ನ ಮೊದಲ ಮಳೆಗೆ ಮೂರು ಅಡಿ ಆಳದ ಗುಂಡಿ ತೋಡಿ ಬೇವಿನ ಸಸಿ ಇಡಬೇಕು, ಮತ್ತು ಮೂರು ಬೇಸಿಗೆಯ ನೀರಿನ ಪಾಳಿಯನ್ನು ಆ ಗುಂಡಿಗೆ ಹತ್ತಿರದ ನಾಲ್ಕು ಮನೆಗಳ ಹೆಸರಿನಲ್ಲಿ ಅದೇ ಕಾಗದದ ಹಿಂಬದಿಗೆ ಬರೆದಿಡಬೇಕು.